ಅಕ್ಷರ ಒಂದು, ಗಿಡ ಬೇರೆ

ಇಂಗ್ಲಿಷ್ ನಿಘಂಟಿನ ‘ಸಿ’ ಅಕ್ಷರದ ಪುಟಗಳನ್ನು ಮಗುಚುತ್ತ ಹೋದರೆ ಕ್ಯಾಶ್ಯೂ, ಕ್ಯಾಟೆಚೂ, ಕೋಕೋ, ಕೋಕೊನಟ್, ಕಾಯರ್, ಕೋಪ್ರಾ ಎಂಬ ಮಾತುಗಳು ತುಸುತುಸು ದೂರದಲ್ಲಿ ಎದುರಾಗುತ್ತವೆ. ಇವುಗಳಲ್ಲಿ ಹೆಚ್ಚಿನವು ಹೆಸರಿಸುವ ಗಿಡಮರಗಳು ಪುತ್ತೂರು, ಸುಳ್ಯಗಳಲ್ಲಿಯೂ ಅವೆರಡರ ಗ್ರಾಮಗಳನ್ನು ಕೂಡಿಸಿ ಈಚೆಗೆ ರಚಿಸಿದ ಕಡಬ ತಾಲೂಕಿನಲ್ಲಿಯೂ ಅಷ್ಟೇ ಹತ್ತಿರದ ನೆರೆಯವರು. ಅಡಿಕೆಯ ಸಾಲುಗಳ ನಡುವೆ ಕೊಕ್ಕೊ, ತೋಟದ ಅಂಚಿಗೆ ತೆಂಗು, ಮೇಲಣ ಗುಡ್ಡದಲ್ಲಿ ಗೇರು. ಅಕ್ಷರಸಾಮ್ಯವನ್ನು ಕಂಡೊಡನೆ ಬಂಧುತ್ವವನ್ನು ಊಹಿಸಬಾರದೆಂದು ತರಗತಿಗಳಲ್ಲಿ ನಾನು ಬಹಳ ವರ್ಷ ಪಾಠ ಹೇಳಿದವನು. ಆದರೆ ಇಲ್ಲದ ಬಂಧುತ್ವವನ್ನು ಜನರು ಊಹಿಸಿದ್ದರಿಂದಲೇ ಮಾತುಗಳ ರೂಪ ಬದಲಾದದ್ದೂ ಉಂಟು. ಆ ಚರಿತ್ರೆ ನಮ್ಮ ತೋಟಗಳಲ್ಲಿ ದಂಡಿಯಾಗಿ ಸಿಗುತ್ತದೆ.

ಮೊದಲು ತೆಂಗು. ಪೋರ್ಚುಗೀಸರ ಭಾಷೆಯಲ್ಲಿ ‘ಕೋಕೊ’ ಎಂದರೆ ಮಕ್ಕಳನ್ನು ಹೆದರಿಸುವ ಗುಮ್ಮ. 1498ರಲ್ಲಿ ವಾಸ್ಕೊ ಡ ಗಾಮ ಈ ಕರಾವಳಿಗೆ ಬಂದ ಕಾಲದ ಅವನ ನಾಡಿಗರು, ಸುಲಿದ ಕಾಯಿಯ ಮೂರು ಕಣ್ಣುಗಳಲ್ಲಿ ಆ ಗುಮ್ಮನ ಮೋರೆಯನ್ನು ಕಂಡರು. ಅದೇ ಮೂರು ಕಣ್ಣುಗಳಲ್ಲಿ ನಾವು ಮುಕ್ಕಣ್ಣನನ್ನು ಕಂಡಿದ್ದೆವು, ನೋಡುವವರ ಭಾವ! ಕಾಯರ್, ಕೋಪ್ರಾಗಳು ಮಾತ್ರ ಮಲಯಾಳದ ‘ಕಯರ್’, ‘ಕೊಪ್ಪರ’ಗಳಿಂದ ಹಡಗು ಹತ್ತಿದವು. ಎರಡನೆಯದು ನಮ್ಮ ಕೊಬ್ಬರಿಯ ಒಡಹುಟ್ಟು.

ಕೋಕೋ ಎಂಬುದರ ಕಥೆ ಬೇರೆ. ಅದರ ಮೂಲ ಮೆಕ್ಸಿಕೋದ ನಾವಾತ್ಲ್ ಭಾಷೆಯ ‘ಕಕಾವಾತ್ಲ್’. ಸ್ಪೇನಿನವರ ಬಾಯಲ್ಲಿ ಅದು ‘ಕಕಾವೊ’ ಆಯಿತು. ಇಂಗ್ಲಿಷರ ಕೈಯಲ್ಲಿ ಇದು ತೆಂಗಿನ ‘ಕೋಕೊ’ದೊಂದಿಗೆ ಬೆರೆತುಹೋಯಿತು. ಎರಡು ‘ಎ’, ಒಂದು ‘ಓ’ ಇದ್ದ ಪದದಲ್ಲಿ ಎರಡು ‘ಓ’, ಒಂದು ‘ಎ’ ಬಂದು ಕುಳಿತವು. 1755ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಜಾನ್ಸನ್ನನ ಹೆಸರಾಂತ ನಿಘಂಟಿನಲ್ಲಿಯೇ ಎರಡೂ ಒಂದೇ ಪದದಡಿಯಲ್ಲಿ ಬೆರೆತಿದ್ದವು. ಇತ್ತ ತೆಂಗಿನಕಾಯಿಗೂ ಒಂದು ಹೆಚ್ಚಿನ ‘ಎ’ ತಗಲಿಕೊಂಡು ಬಹುಕಾಲ ಬಿಡಲಿಲ್ಲ. ಇನ್ನು ಸೀಸೆಯಲ್ಲಿ ಬರುವ ಪಾನೀಯದ ಹೆಸರಿನ ‘ಕೋಕಾ’ ಇವೆರಡೂ ಅಲ್ಲ. ಅದು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಒಂದು ಎಲೆ.

ನಮ್ಮವರು ಕೋಕೋವನ್ನು ಒತ್ತಕ್ಷರ ಕೊಟ್ಟು ‘ಕೊಕ್ಕೊ’ ಮಾಡಿಕೊಂಡರು. 1970ರ ದಶಕದಲ್ಲಿ ಅಡಿಕೆಯ ನೆರಳಿಗೆ ಒಪ್ಪುವ ಬೆಳೆಯೆಂದು ಅದು ತೋಟಗಳನ್ನು ಹೊಕ್ಕಿತು. ದಶಕ ಮುಗಿಯುವ ಹೊತ್ತಿಗೆ ಬೆಲೆ ಕುಸಿದು, ಕೊಳ್ಳುವವರು ಹಿಂದೆ ಸರಿದರು. ನೆಟ್ಟ ಕೈಗಳೇ ಗಿಡಗಳನ್ನು ಕಡಿದವು. 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ್ದ ಕ್ಯಾಂಪ್ಕೊ ಸಹಕಾರ ಸಂಸ್ಥೆ ಆಗ ಕೊಕ್ಕೊ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕಲೇಟು ಕಾರ್ಖಾನೆ ಆರಂಭವಾಯಿತು. ಮೆಕ್ಸಿಕೋದ ಮಾತೊಂದು ಇಂಗ್ಲಿಷಿನಲ್ಲಿ ರೂಪಗೆಟ್ಟು, ಪುತ್ತೂರಿಗೆ ಬಂದು ನೆಲೆನಿಂತದ್ದು ಹೀಗೆ.

ಅದೇ 1986ರಲ್ಲಿ ಪುತ್ತೂರಿನಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರವೂ ಸ್ಥಾಪಿತವಾಯಿತು. ಕ್ಯಾಶ್ಯೂ ಎಂಬುದು ಬ್ರೆಜಿಲಿನ ತುಪಿ ಜನರ ‘ಅಕಜು’. ಪೋರ್ಚುಗೀಸರಲ್ಲಿ ‘ಕಾಜು’ ಆಗಿ ಮೊದಲ ಸ್ವರವನ್ನು ಕಳೆದುಕೊಂಡೇ ಇಂಗ್ಲಿಷನ್ನು ಸೇರಿತು. ನನ್ನ ಕುತೂಹಲವಿರುವುದು ‘ಗೇರು’ ಎಂಬ ನಮ್ಮ ಹೆಸರಿನ ಮೇಲೆ. ಅದು ಮೊದಲು ನಮ್ಮ ಕಾಡಿನ ಕರಿಗೇರಿನದು, ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕಾಯಿಯದು. ಹೊಸಬನ ಹೋಲಿಕೆ ಕಂಡು ಅವನಿಗೂ ಅದನ್ನೇ ಕೊಟ್ಟರು. ಸ್ವೀಡನ್ನಿನ ಲಿನೇಯಸ್ ಮಾಡಿದ್ದೂ ಇದನ್ನೇ: ಹಳೆಯ ಔಷಧಗ್ರಂಥಗಳಲ್ಲಿ ಕರಿಗೇರಿಗಿದ್ದ ‘ಅನಕಾರ್ಡಿಯಮ್’ ಎಂಬ ಹೆಸರನ್ನು ತೆಗೆದು ಗೇರಿಗೆ ಇಟ್ಟ. ಒಬ್ಬರನ್ನೊಬ್ಬರು ಅರಿಯದ ಇಬ್ಬರಿಗೆ ಒಂದೇ ಬುದ್ಧಿ ಹೊಳೆದಿತ್ತು.

ಅಡಿಕೆಯ ವಿಷಯದಲ್ಲಿ ಲಿನೇಯಸ್ ಅಷ್ಟು ಜಾಣನಾಗಲಿಲ್ಲ. 1753ರ ಗ್ರಂಥದಲ್ಲಿ ಅವನು ಅದಕ್ಕೆ ಅರೆಕ ಕ್ಯಾಟೆಚು ಎಂದು ಹೆಸರಿಟ್ಟ. ಪೂರ್ವಪದ ನಮ್ಮದೇ, ಮಲಯಾಳದ ‘ಅಡಕ್ಕ’, ಪುತ್ತೂರು ಸೀಮೆಯ ಹವ್ಯಕರ ಮನೆಮಾತಿನ ‘ಅಡಕ್ಕೆ’. ಪೋರ್ಚುಗೀಸ್ ಕಿವಿಗೆ ಡಕಾರ ರೇಫವಾಗಿ ಕೇಳಿಸಿತು. ಉತ್ತರಪದ ಮಾತ್ರ ನಮ್ಮ ಕಾಚು. ಕಾಚು ಬರುವುದು ಕಗ್ಗಲಿ ಮರದ ಚೇಗಿನಿಂದ. ಅಡಿಕೆಯಿಂದ ಬರುತ್ತದೆಂದು ಯುರೋಪಿನಲ್ಲಿ ಆಗ ನಂಬಿದ್ದರು. ಮಲೆನಾಡಿನಲ್ಲಿ ಕೆಂಪಡಿಕೆ ಬೇಯಿಸುವಾಗಿನ ಚೊಗರನ್ನು ಕಂಡವರಿಗೆ ಆ ಭ್ರಾಂತಿ ಅರ್ಥವಾದೀತು. ಅಡಿಕೆಯನ್ನು ಬಿಸಿಲಿಗೆ ಒಣಗಿಸಿ ಚಾಲಿ ಮಾಡುವ ನಮ್ಮ ಕಡೆಯವರಿಗೆ ಅದಕ್ಕೂ ಆಸ್ಪದವಿಲ್ಲ.

ಇದಕ್ಕಿಂತ ದೊಡ್ಡ ಅನಾಹುತ ‘ಬೀಟಲ್ ನಟ್’ ಎಂಬ ಹೆಸರು. ಬೀಟಲ್ ಎಂಬುದು ಮಲಯಾಳದ ‘ವೆಟ್ಟಿಲ’, ವೀಳ್ಯದೆಲೆ. ಗೋವೆಯಲ್ಲಿದ್ದ ವೈದ್ಯ ಗಾರ್ಸಿಯ ದ ಓರ್ತ 1563ರಷ್ಟು ಹಿಂದೆಯೇ ತನ್ನ ಗ್ರಂಥದಲ್ಲಿ ಅಡಿಕೆ ಬೇರೆ, ಎಲೆ ಬೇರೆಯೆಂದು ಬೇರೆ ಬೇರೆ ಅಧ್ಯಾಯಗಳಲ್ಲಿ ಬರೆದಿದ್ದ. ಬಳಿಕ ಬಂದ ಇಂಗ್ಲಿಷರು ತಟ್ಟೆಯಲ್ಲಿ ಎರಡನ್ನೂ ಒಟ್ಟಿಗೆ ಕಂಡು, ಕಾಯಿಗೆ ಎಲೆಯ ಹೆಸರಿಟ್ಟರು. ತುಳುವಿನಲ್ಲಿ ಎಲೆ ಬಚ್ಚಿರೆ, ಅಡಿಕೆ ಬಜ್ಜೆಯಿ. ಉಚ್ಚಾರದಲ್ಲಿ ಇಷ್ಟು ಹತ್ತಿರವಿದ್ದರೂ, ಒಂದನ್ನು ತಾ ಎಂದರೆ ಇನ್ನೊಂದನ್ನು ತರುವ ಮಗು ನಮ್ಮೂರುಗಳಲ್ಲಿಲ್ಲ.

ಇದು ಬರಿಯ ಪದಜಿಜ್ಞಾಸೆಯೆಂದು ಕೇಳುಗರು ಭಾವಿಸಬಾರದು. ಭಾರತದ ಸುಂಕಪಟ್ಟಿಯ 8ನೆಯ ಅಧ್ಯಾಯ ಹಣ್ಣುಕಾಯಿಗಳದು. ಅಲ್ಲಿ ನಮ್ಮ ಅಡಿಕೆ ‘ಅರೆಕ ನಟ್’. 21ನೆಯ ಅಧ್ಯಾಯ ಸಂಸ್ಕರಿಸಿದ ತಿನಿಸುಗಳದು. ಅಲ್ಲಿ ಸುಪಾರಿಯನ್ನು ಹೇಳುವಾಗ ಅದೇ ಕಾಯಿ ‘ಬೀಟಲ್ ನಟ್’. ಹೊರದೇಶದಿಂದ ಬಂದ ಅಡಿಕೆ ಯಾವ ಅಧ್ಯಾಯಕ್ಕೆ ಸೇರಿದ್ದು, ಎಷ್ಟು ಸುಂಕ ತೆರಬೇಕು ಎಂಬ ತಕರಾರು ನ್ಯಾಯಾಲಯಗಳನ್ನೂ ಹತ್ತಿದೆ. ಅಲ್ಲಿನ ತೀರ್ಪು ಪುತ್ತೂರಿನ ಮಂಡಿಯ ಧಾರಣೆಯನ್ನು ಮುಟ್ಟದೆ ಇರಲಾರದು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1985ರಲ್ಲಿ ಹೊಗೆಸೊಪ್ಪು ಬೆರೆತ ತಾಂಬೂಲವನ್ನು ಕ್ಯಾನ್ಸರ್‌ಕಾರಕವೆಂದಿತು.  2004ರ ವರದಿಯಲ್ಲಿ ಹೊಗೆಸೊಪ್ಪಿಲ್ಲದ ತಾಂಬೂಲವನ್ನೂ ಸೇರಿಸಿತು. ಅದರೊಂದಿಗೆ ‘ಅರೆಕ ನಟ್’ ಎಂದು ಅಡಿಕೆಯನ್ನೂ ಬೇರೆಯಾಗಿ ಹೆಸರಿಸಿತು. ನಾನು ಅಡಿಕೆಯ ನಾಡಿನವನು. ಆ ತೀರ್ಮಾನ ನಮ್ಮವರಿಗೆ ಎಷ್ಟು ಕಹಿಯೆಂದು ಬಲ್ಲೆ. ಆದರೂ ಅದನ್ನು ಅಲ್ಲಗಳೆಯಲು ವ್ಯುತ್ಪತ್ತಿಶಾಸ್ತ್ರವನ್ನು ಕರೆತರಲಾರೆ. ಶತಮಾನಗಳ ಕಾಲ ಎಲೆಯ ಹೆಸರಿನ ಮರೆಯಲ್ಲಿದ್ದ ಅಡಿಕೆಗೆ ಅಲ್ಲಿ ತನ್ನ ಸ್ವಂತ ಹೆಸರೇ ದೊರೆತಿದೆ.