ತನ್ನ ನೀರಿನಲ್ಲೇ ಮುಳುಗುವ ವಿದ್ಯುತ್ ಕೋಶ



ವೈದ್ಯನೊಬ್ಬ ವಿದ್ಯುತ್ ಕೋಶಗಳ ಚರಿತ್ರೆಯನ್ನು ಹೇಳಲು ಹೊರಟಿರುವುದು ತಮ್ಮಲ್ಲಿ ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಈ ಕೋಶಗಳಿಗೆ ತಗಲುವ ಮುಖ್ಯ ವ್ಯಾಧಿ, ನಮ್ಮ ಆಸ್ಪತ್ರೆಗಳಲ್ಲಿ ದಿನವೂ ಕಾಣುವ ಒಂದು ವ್ಯಾಧಿಯನ್ನೇ ಹೋಲುತ್ತದೆ. ಹೃದಯ ದುರ್ಬಲವಾದಾಗ ಶ್ವಾಸಕೋಶದ ಗಾಳಿಚೀಲಗಳಲ್ಲಿ ನೀರು ತುಂಬುತ್ತದೆ. ಸುತ್ತಲೂ ಬೇಕಾದಷ್ಟು ಗಾಳಿಯಿದ್ದರೂ ಆಮ್ಲಜನಕ ರಕ್ತವನ್ನು ಮುಟ್ಟಲಾರದು. ಇಂಧನ ಕೋಶವೂ ಹಾಗೆಯೇ ಉಸಿರುಕಟ್ಟಿ ನಿಲ್ಲುತ್ತದೆ. ಒಂದೇ ವ್ಯತ್ಯಾಸವೆಂದರೆ, ಅದನ್ನು ಮುಳುಗಿಸುವ ನೀರು ಅದೇ ಹುಟ್ಟಿಸಿದ್ದು.

ಜಲಜನಕವೂ ಆಮ್ಲಜನಕವೂ ಸೇರಿದರೆ ನೀರಾಗುತ್ತದೆ ಎಂಬುದನ್ನು ತಾವೆಲ್ಲರೂ ಶಾಲೆಯಲ್ಲಿ ಓದಿದ್ದೀರಿ. ಆ ಸಂಯೋಗವನ್ನು ಬೆಂಕಿಯಿಲ್ಲದೆ, ಎರಡು ಲೋಹದ ಹಾಳೆಗಳ ಮೇಲೆ ನಡೆಸಿದರೆ ವಿದ್ಯುತ್ತು ದೊರೆಯುತ್ತದೆ. ಇದನ್ನು 1839ರ ಸುಮಾರಿಗೆ ಕಂಡುಕೊಂಡವನು ವೇಲ್ಸಿನ ಸ್ವಾನ್ಸಿ ಪಟ್ಟಣದ ವಿಲಿಯಂ ರಾಬರ್ಟ್ ಗ್ರೋವ್. ಆತ ವೃತ್ತಿಯಿಂದ ವಕೀಲ, ಮುಂದೆ ನ್ಯಾಯಾಧೀಶನೂ ಆದವನು. ಆತನ ‘ಅನಿಲ ಬ್ಯಾಟರಿ’ಯಲ್ಲಿ ಅನಿಲ, ದ್ರವ, ಪ್ಲಾಟಿನಂ ಈ ಮೂರೂ ಒಂದೇ ತಾಣದಲ್ಲಿ ಕೂಡಬೇಕಾಗಿತ್ತು. ದ್ರವ ಕಡಿಮೆಯಾದರೂ ಕೆಲಸವಿಲ್ಲ, ಹೆಚ್ಚಾದರೂ ಕೆಲಸವಿಲ್ಲ. ಮುಂದಿನ ಒಂದೂ ಮುಕ್ಕಾಲು ಶತಮಾನದ ತೊಂದರೆಗಳೆಲ್ಲ ಈ ಒಂದು ನಿಯಮದ ಸಂತತಿ.

ಗ್ರೋವನ ಸಾಧನ ಬಹುಕಾಲ ಕುತೂಹಲದ ವಸ್ತುವಾಗಿಯೇ ಉಳಿಯಿತು. ಅದಕ್ಕೆ ನಿಜವಾದ ಉದ್ಯೋಗ ದೊರೆತದ್ದು ಅಂತರಿಕ್ಷದಲ್ಲಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಥಾಮಸ್ ಗ್ರಬ್ 1955ರಲ್ಲಿ ದ್ರವದ ಬದಲು ಪ್ಲಾಸ್ಟಿಕ್ಕಿನಂತಹ ಒಂದು ತೆಳು ಪೊರೆಯನ್ನು ಬಳಸಿದ. ಅದೇ ಸಂಸ್ಥೆಯ ಲಿಯೊನಾರ್ಡ್ ನೀಡ್ರಾಕ್ ಅದರ ಮೇಲೆ ಪ್ಲಾಟಿನಂ ಲೇಪಿಸುವ ದಾರಿಯನ್ನು ತೋರಿಸಿದ. ಈ ಬಗೆಯ ಕೋಶಗಳು 1965ರ ಆಗಸ್ಟ್ ತಿಂಗಳಲ್ಲಿ ಜೆಮಿನಿ 5 ನೌಕೆಯೊಡನೆ ಮೇಲೇರಿದವು. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಅರ್ಧ ಲೀಟರ್ ನೀರು ಹುಟ್ಟುತ್ತದೆ. ಭೂಮಿಯ ಮೇಲಾದರೆ ಅದು ತೊಟ್ಟಿಕ್ಕಿ ಕೆಳಗೆ ಬೀಳುತ್ತದೆ. ಭಾರವೇ ಇಲ್ಲದ ಕಡೆ ‘ಕೆಳಗೆ’ ಎಂಬುದೆಲ್ಲಿ? ಎಂಜಿನಿಯರುಗಳು ಬತ್ತಿಯನ್ನು ಆಶ್ರಯಿಸಿದರು. ಹಣತೆಯ ಬತ್ತಿ ಎಣ್ಣೆಯನ್ನು ಹೀರುವಂತೆ, ಬಟ್ಟೆಯ ಬತ್ತಿಗಳು ಕೋಶದ ನೀರನ್ನು ಹೀರಿ ಹೊರಗೆ ಸಾಗಿಸುತ್ತಿದ್ದವು. ಆ ನೀರು ಕುಡಿಯಲು ಯೋಗ್ಯವಾಗಿರಲಿಲ್ಲ. ಅದನ್ನು ಶೇಖರಿಸಿಡಬೇಕಾಗಿದ್ದುದರಿಂದ, ಅದಕ್ಕೆ ಜಾಗ ಸಾಲದೆ ಹೋದೀತೆಂಬ ಚಿಂತೆಯೂ ಆ ಎಂಟು ದಿನಗಳ ಯಾನದಲ್ಲಿ ನಿಯಂತ್ರಣ ಕೇಂದ್ರವನ್ನು ಕಾಡಿತು.

ಚಂದ್ರಯಾನದ ಅಪೊಲೊ ನೌಕೆಗಳು ಬೇರೆ ಮಾರ್ಗ ಹಿಡಿದವು. ಅವುಗಳ ಕೋಶಗಳಿಗೆ ಮೂಲ, ಇಂಗ್ಲೆಂಡಿನ ಫ್ರಾನ್ಸಿಸ್ ಥಾಮಸ್ ಬೇಕನ್ 1932ರಿಂದ ಪಟ್ಟುಬಿಡದೆ ಬೆಳೆಸಿದ ಕ್ಷಾರೀಯ ಕೋಶ. ಅದು ಸುಮಾರು 200 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನಡೆಯುತ್ತಿದ್ದುದರಿಂದ ನೀರು ಆವಿಯಾಗಿಯೇ ಹೊರಬರುತ್ತಿತ್ತು. ಅದನ್ನು ತಂಪುಮಾಡಿ ಯಾನಿಗಳು ಕುಡಿಯುತ್ತಿದ್ದರು. ಅದರಲ್ಲಿ ಜಲಜನಕದ ಗುಳ್ಳೆಗಳು ಬೆರೆತಿದ್ದುದರಿಂದ ಅವರಿಗೆ ಹೊಟ್ಟೆಯುಬ್ಬರ ತಪ್ಪಲಿಲ್ಲ. ಚರಿತ್ರೆಯ ಗ್ರಂಥಗಳು ಇದನ್ನು ಸಂಕೋಚದಿಂದ ಹೇಳುತ್ತವೆ. ವೈದ್ಯನಾದವನಿಗೆ ಆ ಸಂಕೋಚವಿಲ್ಲ. ಆದರೆ 1970ರ ಏಪ್ರಿಲ್ 13ರಂದು ಅಪೊಲೊ 13ರ ಆಮ್ಲಜನಕದ ತೊಟ್ಟಿ ಸ್ಫೋಟಿಸಿದಾಗ ವಿದ್ಯುತ್ತಿನೊಡನೆ ನೀರೂ ನಿಂತಿತು. ಉಳಿದ ನೀರು ಯಂತ್ರಗಳನ್ನು ತಂಪಾಗಿಡಲು ಬೇಕಾಗಿತ್ತು. ಮೂವರು ಯಾನಿಗಳೂ ದಿನಕ್ಕೆ ತಲಾ 180 ಮಿಲಿಲೀಟರಿನಷ್ಟು, ಎಂದರೆ ಒಂದು ಸಣ್ಣ ಲೋಟದಷ್ಟು ನೀರಿನಲ್ಲಿ ಕಾಲ ಕಳೆದರು. ಫ್ರೆಡ್ ಹೇಯ್ಸ್ ಮೂತ್ರದ ಸೋಂಕಿನಿಂದ ಜ್ವರ ಹಿಡಿದು ನಡುಗುತ್ತಲೇ ಭೂಮಿಗೆ ಮರಳಿದರು.

1981ರ ನವೆಂಬರಿನಲ್ಲಿ ಕೊಲಂಬಿಯಾ ನೌಕೆಯ ಎರಡನೆಯ ಯಾನದಲ್ಲಿ ಮೂರು ಕೋಶಗಳ ಪೈಕಿ ಒಂದು ನೀರು ತುಂಬಿ ಕೆಟ್ಟಿತು. ಐದು ದಿನಗಳ ಯಾನ ಎರಡೇ ದಿನಕ್ಕೆ ಮುಗಿಯಿತು.

ಇನ್ನು ಮೆಥನಾಲ್ ವಿಚಾರ. ಈ ಹೆಸರು ಕನ್ನಡ ನಾಡಿನಲ್ಲಿ ದುರಂತದ ನೆನಪನ್ನು ತರುತ್ತದೆ; 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿಯಲ್ಲಿ ಇದು ಬೆರೆತು ಮುನ್ನೂರಕ್ಕೂ ಹೆಚ್ಚು ಮಂದಿ ಬಡವರು ಸತ್ತರು. ದೇಹದಲ್ಲಿ ಇದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನೇ ಕೊಲ್ಲುತ್ತದೆ. ಆದರೆ ಇಂಧನವಾಗಿ ಇದರ ಗುಣ ದೊಡ್ಡದು. ಜಲಜನಕವನ್ನು ಒತ್ತಡದಲ್ಲಿ ತುಂಬಿಡಬೇಕು. ಮೆಥನಾಲನ್ನು ಸೀಸೆಯಲ್ಲಿ ಸುರಿದಿಟ್ಟುಕೊಳ್ಳಬಹುದು. ಇದನ್ನು ನೇರವಾಗಿ ಪೊರೆಯ ಕೋಶಕ್ಕೆ ಉಣಿಸುವ ಕ್ರಮವನ್ನು 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳು ಕೂಡಿ ಬೆಳೆಸಿದವು. ಅಲ್ಲಿ ನೊಬೆಲ್ ಪುರಸ್ಕೃತ ಜಾರ್ಜ್ ಓಲಾ ಅವರ ಜೊತೆಗಾರರಾಗಿ ದುಡಿದವರು, ಬೆಂಗಳೂರಿನಲ್ಲಿ ಹುಟ್ಟಿ ಅಲ್ಲಿಯೇ ಪದವಿ ಪಡೆದ ಜಿ. ಕೆ. ಸೂರ್ಯಪ್ರಕಾಶ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಶುಕ್ಲಾ ಅವರೂ ಇದೇ ಕೋಶದ ಮೇಲೆ ಬಹುಕಾಲ ಸಂಶೋಧನೆ ನಡೆಸಿದರು.

ಇಲ್ಲಿ ನೀರಿನ ಲೆಕ್ಕ ಇನ್ನಷ್ಟು ಕಠಿಣ. ಮೆಥನಾಲಿನ ಒಂದು ಅಣು ಇಂಧನದ ಬದಿಯಲ್ಲಿ ಒಂದು ನೀರಿನ ಅಣುವನ್ನು ಕುಡಿದು ಆರು ಪ್ರೋಟಾನುಗಳನ್ನು ಬಿಡುತ್ತದೆ. ಅವು ಪೊರೆಯನ್ನು ದಾಟಿ ಗಾಳಿಯ ಬದಿಗೆ ಹೋಗಿ ಮೂರು ಅಣು ನೀರಾಗುತ್ತವೆ. ಇಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ಆದರೆ ಪ್ರತಿಯೊಂದು ಪ್ರೋಟಾನೂ ದಾಟುವಾಗ ಎರಡು ಮೂರು ನೀರಿನ ಅಣುಗಳನ್ನು ತನ್ನೊಡನೆ ಎಳೆದುಕೊಂಡು ಹೋಗುತ್ತದೆ. ಮೂರು ಹುಟ್ಟುವಲ್ಲಿ ಹದಿನೈದು ನೆಂಟರು! ಹೀಗೆ ಇಂಧನದ ಬದಿಯಲ್ಲಿ ಅನಾವೃಷ್ಟಿ, ಗಾಳಿಯ ಬದಿಯಲ್ಲಿ ಅತಿವೃಷ್ಟಿ. ಸಾಲದುದಕ್ಕೆ, ಗಟ್ಟಿ ಮೆಥನಾಲ್ ಹಾಕಿದರೆ ಅದೂ ಪೊರೆಯೊಳಗೆ ನುಸುಳಿ ವ್ಯರ್ಥವಾಗಿ ಸುಡುವುದರಿಂದ, ಅದನ್ನು ನೂರಕ್ಕೆ ಮೂರರಷ್ಟು ತೆಳುವಾಗಿ ಕಲಸಬೇಕು. ಜೇಬಿನಲ್ಲಿ ಇಂಧನ ಹೊತ್ತೆವೆಂದುಕೊಂಡವನು ಹೊತ್ತದ್ದು ಬಹುಪಾಲು ನೀರೇ.

ದೊಡ್ಡ ಯಂತ್ರವಾದರೆ ಪಂಪು, ಫ್ಯಾನು, ಆವಿಯನ್ನು ತಂಪುಮಾಡುವ ಕೊಳವೆಗಳಿಂದ ಈ ನೀರನ್ನು ಹಿಂದಕ್ಕೆ ತರಬಹುದು. ಅಂಗೈಯಗಲದ ಕೋಶದಲ್ಲಿ ಅವಕ್ಕೆ ಸ್ಥಳವೆಲ್ಲಿ? ಕೋಡಿಯಿಲ್ಲದ ಕೆರೆಗೆ ಒಳಗಿನಿಂದಲೇ ಕೋಡಿ ಕಟ್ಟಬೇಕಾಯಿತು. 2000ದ ದಶಕದಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಚಾವೊ-ಯಾಂಗ್ ವಾಂಗ್ ಅವರ ತಂಡ ಗಾಳಿಯ ಬದಿಯಲ್ಲಿ ಇಂಗಾಲದ ಪುಡಿಯನ್ನೂ ಟೆಫ್ಲಾನನ್ನೂ ಬೆರೆಸಿದ ಸೂಕ್ಷ್ಮರಂಧ್ರಗಳ ಪದರವೊಂದನ್ನು ಬಳಸಿತು. ನೀರನ್ನು ಒಲ್ಲದ ಆ ರಂಧ್ರಗಳಿಂದ ಹೊರಬರಲಾರದೆ ನೀರಿನ ಒತ್ತಡ ಏರುತ್ತದೆ. ಆ ಒತ್ತಡದಿಂದಲೇ ಅದು ತೆಳು ಪೊರೆಯ ಮೂಲಕ ಇಂಧನದ ಬದಿಗೆ ಮರಳುತ್ತದೆ. ಪಂಪಿಲ್ಲ, ಬತ್ತಿಯಿಲ್ಲ. ಎಳೆದುಕೊಂಡು ಬಂದ ನೀರೆಲ್ಲ ಹಿಂದಿರುಗಿ, ಹುಟ್ಟಿದ ಮೂರು ಅಣುಗಳಲ್ಲೂ ಒಂದು ಹಿಂದಕ್ಕೆ ಹೋಗಿ, ಉಳಿದೆರಡು ಆವಿಯಾದರೆ ಲೆಕ್ಕ ಸರಿಹೋಯಿತು. ಶುದ್ಧ ಮೆಥನಾಲನ್ನೇ ಹೊತ್ತರೆ ಸಾಕು. ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಉಪಾಯ ಇದು. ಸ್ಟ್ಯಾನ್‌ಫರ್ಡಿನಲ್ಲಿ ಹುವಾನ್ ಸ್ಯಾಂಟಿಯಾಗೊ ಅವರ ತಂಡ ಜಲಜನಕದ ಕೋಶಗಳಲ್ಲಿ ಬೇರೊಂದನ್ನು ಪರೀಕ್ಷಿಸಿತು: ರಂಧ್ರಮಯ ಫಲಕಕ್ಕೆ ಅಲ್ಪ ವಿದ್ಯುತ್ತನ್ನು ಹಾಯಿಸಿ, ಚಲಿಸುವ ಭಾಗಗಳಿಲ್ಲದೆಯೇ ನೀರನ್ನು ಸೆಳೆಯುವುದು.

ಅಂಗಡಿಗೆ ಬಂದದ್ದು ಕೊಂಚವೇ. ವಿಮಾನದೊಳಗೆ ಮೆಥನಾಲ್ ಡಬ್ಬಿಗಳನ್ನು ಒಯ್ಯಲು 2007ರಿಂದ ಅಂತಾರಾಷ್ಟ್ರೀಯ ಅನುಮತಿ ದೊರೆಯಿತು. 2009ರ ಅಕ್ಟೋಬರಿನಲ್ಲಿ ತೋಷಿಬಾ ಸಂಸ್ಥೆ ಜಪಾನಿನಲ್ಲಿ ‘ಡೈನಾರಿಯೊ’ ಎಂಬ ಸಾಧನವನ್ನು 29,800 ಯೆನ್ ಬೆಲೆಗೆ, ಕೇವಲ 3,000ದಷ್ಟು ಮಾರಾಟಕ್ಕಿಟ್ಟಿತು. 14 ಮಿಲಿಲೀಟರ್ ಮೆಥನಾಲ್ ಹಾಕಿದರೆ ಅದು ಅಂದಿನ ಮೊಬೈಲ್ ಫೋನನ್ನು ಎರಡು ಸಲ ತುಂಬುತ್ತಿತ್ತು. ಅಷ್ಟರಲ್ಲಿ ಲಿಥಿಯಂ ಬ್ಯಾಟರಿಗಳು ಅಗ್ಗವಾಗುತ್ತ ಬಂದವು. ಗೋಡೆಯ ಪ್ಲಗ್ಗು ಕೈಗೆಟಕುವಾಗ ವಿಷದ ಸೀಸೆಯನ್ನು ಜೇಬಿನಲ್ಲಿಡಲು ಯಾರು ಒಪ್ಪುತ್ತಾರೆ? ಸೋತದ್ದು ನೀರಿನ ಸಮಸ್ಯೆಯಿಂದಲ್ಲ ಎಂದೇ ನನ್ನ ಅಭಿಪ್ರಾಯ. ಅದು ಬಗೆಹರಿಯುವ ಹೊತ್ತಿಗೆ ಗಿರಾಕಿ ಎದ್ದುಹೋಗಿದ್ದ.

ಪ್ಲಗ್ಗು ಇಲ್ಲದೆಡೆ ಮಾತ್ರ ಈ ಕೋಶ ಉಳಿದುಕೊಂಡಿದೆ. ಮ್ಯೂನಿಕ್ ಬಳಿಯ ಎಸ್.ಎಫ್.ಸಿ. ಸಂಸ್ಥೆಯ ಮೆಥನಾಲ್ ಕೋಶಗಳನ್ನು ಪ್ರವಾಸಿ ವ್ಯಾನುಗಳಲ್ಲಿಯೂ ದೂರದ ಅಳತೆಯ ಠಾಣೆಗಳಲ್ಲಿಯೂ ಇಂದಿಗೂ ಬಳಸುತ್ತಾರೆ. ಚಳಿ ಹೆಚ್ಚಿದಾಗ, ಒಳಗಿನ ನೀರು ಹೆಪ್ಪುಗಟ್ಟದಿರಲೆಂದು ಅವು ತಾವಾಗಿಯೇ ಚಾಲೂ ಆಗಿ, ಸ್ವಲ್ಪ ಮೆಥನಾಲನ್ನು ಖರ್ಚುಮಾಡಿ ಮೈ ಬೆಚ್ಚಗಿಟ್ಟುಕೊಳ್ಳುತ್ತವೆ.