ಸೆಪ್ಟೆಂಬರ್ 17: ರಾಯಚೂರು ಮತ್ತು ಜೆರುಸಲೇಮ್

ಸೆಪ್ಟೆಂಬರ್ 17 ಯಾವ ದಿನವೆಂದು ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿ ಶಾಲೆಯ ಮಕ್ಕಳನ್ನು ಕೇಳಿದರೂ ಹೇಳುತ್ತಾರೆ. ದೇಶದ ಬಹುಭಾಗಕ್ಕೆ ಸ್ವಾತಂತ್ರ್ಯ ದೊರೆತು ಹದಿಮೂರು ತಿಂಗಳು ಕಳೆದ ಮೇಲೆ, 1948ರ ಆ ದಿನ ಸಂಜೆ, ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅವರು ಕದನ ವಿರಾಮ ಘೋಷಿಸಿದರು. ಅದೇ ದಿನ ಸಾವಿರಾರು ಮೈಲಿ ಆಚೆಗಿನ ಜೆರುಸಲೇಮಿನಲ್ಲಿ, ಅರಬ್ಬರಿಗೂ ಇಸ್ರೇಲಿಗೂ ನಡುವೆ ಸಂಧಾನ ನಡೆಸಲು ವಿಶ್ವಸಂಸ್ಥೆ ಕಳುಹಿಸಿದ್ದ ಸ್ವೀಡನ್ನಿನ ಕೌಂಟ್ ಬರ್ನಡಾಟ್ ಅವರನ್ನು ಲೇಹಿ ಎಂಬ ಯಹೂದಿ ಉಗ್ರ ಸಂಘಟನೆಯವರು ಗುಂಡಿಟ್ಟು ಕೊಂದರು. ಒಂದು ಕಡೆ ವ್ಯಾಜ್ಯ ಮುಗಿಯಿತು. ಇನ್ನೊಂದು ಕಡೆ ವ್ಯಾಜ್ಯ ಬಗೆಹರಿಸಲು ಹೋದವರೇ ಹತರಾದರು.

ಇದಕ್ಕೂ ಮೊದಲು ಇನ್ನೊಂದು ತಾರೀಖು ಹೀಗೆಯೇ ಕೂಡಿಬಂದಿತ್ತು. 1947ರ ನವೆಂಬರ್ 29ರಂದು ದೆಹಲಿಯ ಸರ್ಕಾರಕ್ಕೂ ಹೈದರಾಬಾದಿಗೂ ಯಥಾಸ್ಥಿತಿ ಒಪ್ಪಂದವಾಯಿತು. ಅದೇ ದಿನ ವಿಶ್ವಸಂಸ್ಥೆಯ ಮಹಾಸಭೆ ಪ್ಯಾಲೆಸ್ಟೈನನ್ನು ಅರಬ್ ರಾಜ್ಯ, ಯಹೂದಿ ರಾಜ್ಯ ಎಂದು ಎರಡಾಗಿ ಒಡೆಯುವ ನಿರ್ಣಯವನ್ನು ಅಂಗೀಕರಿಸಿತು. ಪರವಾಗಿ 33 ಮತ, ವಿರುದ್ಧ 13, ತಟಸ್ಥ 10. ವಿರುದ್ಧ ಮತ ಹಾಕಿದವರಲ್ಲಿ ಭಾರತವೂ ಇತ್ತು, ಪಾಕಿಸ್ತಾನವೂ ಇತ್ತು. ಆ ಹೊತ್ತಿಗೆ ಕಾಶ್ಮೀರದಲ್ಲಿ ಎದುರುಬದುರಾಗಿದ್ದ ಎರಡು ದೇಶಗಳು ನ್ಯೂಯಾರ್ಕಿನಲ್ಲಿ ಒಂದೇ ಪಕ್ಷದಲ್ಲಿ ಕೈ ಎತ್ತಿದವು. ರಾಜತಂತ್ರದಲ್ಲಿ ಇಂಥದ್ದು ಅಪರೂಪವೇನಲ್ಲ.

ತಾರೀಖುಗಳು ಕೂಡಿಬಂದ ಮಾತ್ರಕ್ಕೆ ಚರಿತ್ರೆಯಲ್ಲಿ ಸಂಬಂಧ ಹುಟ್ಟುವುದಿಲ್ಲ. ಆದರೂ ಒಂದೇ ಬ್ರಿಟಿಷ್ ಸಾಮ್ರಾಜ್ಯ ಹಿಂದೆಗೆದಾಗ ಉಳಿದ ಎರಡು ಗಂಟುಗಳಿವು. ಒಂದು ಹತ್ತು ತಿಂಗಳೊಳಗೆ ಬಿಚ್ಚಿತು; ಇನ್ನೊಂದು ಇಂದಿಗೂ ಬಿಚ್ಚಿಲ್ಲ. ಏಕೆ ಎಂದು ಕೇಳುವ ಹಕ್ಕು ಎಲ್ಲರಿಗಿಂತ ಹೆಚ್ಚಾಗಿ ದೋಆಬಿನವರಿಗಿದೆ.

ಕೃಷ್ಣಾ, ತುಂಗಭದ್ರೆಗಳ ನಡುವಿನ ಈ ನೆಲಕ್ಕೆ ಒಪ್ಪಂದಗಳೆಂದರೆ ಹೊಸತಲ್ಲ. ಬಹಮನಿ, ವಿಜಯನಗರ, ಬಿಜಾಪುರಗಳ ಕಾಲವನ್ನು ಬಿಟ್ಟರೂ, 1853ರಲ್ಲಿ ನಿಜಾಮರು ಸಾಲದ ಬಾಬತ್ತಿಗೆ ಬೇರಾರಿನ ಜೊತೆ ರಾಯಚೂರು ಸೀಮೆಯನ್ನೂ ಕಂಪೆನಿಯ ಕೈಗೆ ಒಪ್ಪಿಸಿದರು; 1860ರಲ್ಲಿ ಅದು ಮತ್ತೆ ನಿಜಾಮರಿಗೆ ಬಂತು. ಎರಡು ಸಲವೂ ಇಲ್ಲಿಯ ಒಕ್ಕಲನ್ನು ಯಾರೂ ಕೇಳಲಿಲ್ಲ. ನಿಜಾಮರ ಕಾಲದಲ್ಲಿ ಮಾನ್ವಿಯ ದಂಡೆಯಿಂದ ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತ. ಸರಕು ತಂದರೆ ಕರೋಡಗಿರಿ ನಾಕಾದಲ್ಲಿ ಸುಂಕ, ಜೇಬಿನಲ್ಲಿ ಹಾಲಿ ಸಿಕ್ಕಾ, ಕಚೇರಿಯಲ್ಲಿ ಉರ್ದು, ಲೆಕ್ಕದಲ್ಲಿ ಫಸಲಿ ವರ್ಷ. ಹೊಳೆಯ ಆಚೆ ಈಚೆ ಮಾತು ಕನ್ನಡ, ತೆಲುಗು, ನೆಂಟಸ್ತನವೂ ಇತ್ತು. ಆದರೆ 1947ರ ಆಗಸ್ಟ್ 15ರಂದು ಆಚೆ ದಂಡೆಯಲ್ಲಿ ಏರಿದ ಬಾವುಟಕ್ಕೆ ಈಚೆ ದಂಡೆಯಲ್ಲಿ ನಿಷೇಧ.

ಯಥಾಸ್ಥಿತಿ ಒಪ್ಪಂದದ ಅವಧಿ ಒಂದು ವರ್ಷ. ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕಗಳು ಹಿಂದೆ ಬ್ರಿಟಿಷರೊಂದಿಗೆ ಇದ್ದಂತೆಯೇ ಈಗ ಭಾರತದೊಂದಿಗೆ. ಒಪ್ಪಂದದ ಮಸಿ ಆರುವ ಮುನ್ನವೇ ಅದು ಸಡಿಲವಾಯಿತು. ನಿಜಾಮರ ಸರ್ಕಾರ ಪಾಕಿಸ್ತಾನಕ್ಕೆ ಇಪ್ಪತ್ತು ಕೋಟಿ ಸಾಲ ಕೊಟ್ಟಿತೆಂದು ದೆಹಲಿ ಆಕ್ಷೇಪಿಸಿತು. ದೆಹಲಿ ಆರ್ಥಿಕ ದಿಗ್ಬಂಧನ ಹಾಕಿದೆಯೆಂದು ಹೈದರಾಬಾದು ದೂರಿತು. ಕಾಸಿಂ ರಜ್ವಿಯ ರಜಾಕಾರರು ಹಳ್ಳಿಹಳ್ಳಿಗಳಲ್ಲಿ ಕೊಳ್ಳೆ ಹೊಡೆಯುತ್ತಿದ್ದರು. ಜೂನ್‌ನಲ್ಲಿ ಮೌಂಟ್‌ಬ್ಯಾಟನ್ನರು ದೇಶ ಬಿಡುವ ಮುನ್ನ ಮಾಡಿದ ಕೊನೆಯ ಕರಡನ್ನೂ ನಿಜಾಮರು ಒಪ್ಪಲಿಲ್ಲ. ಆ ಕರಡು ಅವರಿಗೆ ಸಾಕಷ್ಟು ಅನುಕೂಲಕರವಾಗಿಯೇ ಇತ್ತು. ಸಿಕ್ಕಿದ್ದನ್ನು ಬಿಟ್ಟು ಸಿಗಲಾರದ್ದನ್ನು ಹಿಡಿಯಲು ಹೋದ ರಾಜನೀತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರದು.

ಆಗಸ್ಟ್ 21ರಂದು ಹೈದರಾಬಾದು ಭದ್ರತಾ ಮಂಡಳಿಗೆ ದೂರು ಬರೆಯಿತು. ಭಾರತದೊಡನೆ ಸೇರಬೇಕೆಂದು ಬರೆಯುತ್ತಿದ್ದ ಉರ್ದು ಪತ್ರಿಕೆ 'ಇಮ್ರೋಜ್'ನ ಸಂಪಾದಕ ಶೋಯಬುಲ್ಲಾ ಖಾನ್ ಅವರನ್ನು ರಜಾಕಾರರು ಕೊಂದದ್ದೂ ಅದೇ ದಿನಗಳಲ್ಲಿ. ಈ ಹೋರಾಟವನ್ನು ಬರಿಯ ಹಿಂದೂ ಮುಸ್ಲಿಂ ಜಗಳವೆಂದು ಓದುವವರು ಆ ಹೆಸರನ್ನು ನೆನಪಿನಲ್ಲಿಡಬೇಕು.

ಮಂಡಳಿಯ ಅಧಿವೇಶನ ಆಗ ಪ್ಯಾರಿಸ್ಸಿನಲ್ಲಿ ನಡೆದಿತ್ತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಗಡಿ ದಾಟಿತು. 16ರಂದು ಹೈದರಾಬಾದಿನ ದೂರು ಮಂಡಳಿಯ ಮುಂದೆ ಬಂತು. ನಿಜಾಮರ ಪರವಾಗಿ ಮೊಯಿನ್ ನವಾಜ್ ಜಂಗ್. ಭಾರತದ ಪರವಾಗಿ ವಾದಿಸಿದವರು ಮೈಸೂರಿನ ದಿವಾನರಾಗಿದ್ದ ಸರ್ ಎ. ರಾಮಸ್ವಾಮಿ ಮೊದಲಿಯಾರ್. ಒಂದು ಸಂಸ್ಥಾನದ ದಿವಾನರು ಇನ್ನೊಂದು ಸಂಸ್ಥಾನಕ್ಕೆ ಸ್ವತಂತ್ರ ದೇಶವಾಗುವ ಹಕ್ಕಿಲ್ಲವೆಂದು ಜಗತ್ತಿನ ಮುಂದೆ ವಾದಿಸಿದರು. ಕೇಳುತ್ತ ಕುಳಿತವರಲ್ಲಿ, ಇಸ್ರೇಲಿನೊಡನೆ ಯುದ್ಧದಲ್ಲಿದ್ದ ಸಿರಿಯಾದ ಪ್ರತಿನಿಧಿಯೂ ಇದ್ದರು. 18ರಂದು ಅದೇ ಮಂಡಳಿ ಸೇರಿದ್ದು ಬರ್ನಡಾಟರ ಹತ್ಯೆಯ ಕುರಿತು. 20ರಂದು ಮತ್ತೆ ಹೈದರಾಬಾದು. 22ರಂದು ನಿಜಾಮರು ದೂರನ್ನು ಹಿಂದಕ್ಕೆ ಪಡೆದೆನೆಂದು ತಂತಿ ಕಳುಹಿಸಿದರು.

ಇನ್ನೊಂದು ಗಂಟಿನ ಕಡೆ ತಿರುಗೋಣ. ಬರ್ನಡಾಟರು ಸಾಯುವ ಹಿಂದಿನ ದಿನದ ತಾರೀಖು ಹೊತ್ತ ವರದಿಯಲ್ಲಿ, ಮನೆಮಾರು ಬಿಟ್ಟು ಓಡಿದ ಅರಬ್ ನಿರಾಶ್ರಿತರಿಗೆ ಹಿಂದಿರುಗುವ ಹಕ್ಕಿರಬೇಕೆಂದು ಶಿಫಾರಸು ಮಾಡಿದ್ದರು. ಡಿಸೆಂಬರ್ 11ರಂದು ಮಹಾಸಭೆ 194ನೆಯ ನಿರ್ಣಯದಲ್ಲಿ ಅದನ್ನು ಎತ್ತಿ ಹಿಡಿಯಿತು; ಅದು ಆಚರಣೆಗೆ ಬರಲಿಲ್ಲ. ಅವರ ಜಾಗಕ್ಕೆ ಬಂದ ಅಮೆರಿಕದ ರಾಲ್ಫ್ ಬಂಚ್ ಅವರು 1949ರಲ್ಲಿ ಈಜಿಪ್ಟ್, ಲೆಬನಾನ್, ಜೋರ್ಡನ್, ಸಿರಿಯಾಗಳೊಂದಿಗೆ ಇಸ್ರೇಲಿನ ಯುದ್ಧವಿರಾಮ ಒಪ್ಪಂದಗಳನ್ನು ಒಂದೊಂದಾಗಿ ಮಾಡಿಸಿದರು. ಗಮನಿಸಬೇಕಾದ ಮಾತೆಂದರೆ, ಆ ಒಪ್ಪಂದಗಳಿಗೆ ಸಹಿ ಹಾಕಿದವರಲ್ಲಿ ಪ್ಯಾಲೆಸ್ಟೈನಿನವರು ಯಾರೂ ಇರಲಿಲ್ಲ.

ಮುಂದಿನ ಕಥೆಯೆಲ್ಲ ಬಹುಮಟ್ಟಿಗೆ ಇದೇ ಜಾಡಿನದು. 1967ರ ಜೂನ್ ಯುದ್ಧದಲ್ಲಿ ಸಿನಾಯ್, ಗಾಜಾ, ಪಶ್ಚಿಮ ದಂಡೆ, ಗೋಲಾನ್ ಇಸ್ರೇಲಿನ ಪಾಲಾದವು. ಆ ಸೆಪ್ಟೆಂಬರಿನಲ್ಲಿ ಖಾರ್ಟೂಮಿನಲ್ಲಿ ಸೇರಿದ ಅರಬ್ ನಾಯಕರು ಇಸ್ರೇಲಿನೊಡನೆ ಶಾಂತಿಯಿಲ್ಲ, ಮಾತುಕತೆಯಿಲ್ಲ, ಮಾನ್ಯತೆಯಿಲ್ಲ ಎಂದು ಸಾರಿದರು. ಹತ್ತು ವರ್ಷ ಕಳೆಯಿತು. 1977ರ ನವೆಂಬರಿನಲ್ಲಿ ಈಜಿಪ್ಟಿನ ಅಧ್ಯಕ್ಷ ಸಾದಾತ್ ಅವರೇ ಜೆರುಸಲೇಮಿಗೆ ಹಾರಿ ಹೋಗಿ ಇಸ್ರೇಲಿನ ಸಂಸತ್ತಿನಲ್ಲಿ ಮಾತನಾಡಿದರು. ನಾಲ್ಕು ವರ್ಷದ ಹಿಂದೆ ಸೂಯೆಜ್ ಕಾಲುವೆ ದಾಟಿ ದಂಡೆತ್ತಿದ್ದವರು ಇವರೇ. ಕ್ಯಾಂಪ್ ಡೇವಿಡ್ ಒಪ್ಪಂದಕ್ಕೆ ಸಹಿ ಬಿದ್ದದ್ದು 1978ರ ಸೆಪ್ಟೆಂಬರ್ 17ರಂದು. ನಮ್ಮ ವಿಮೋಚನೆಗೆ ಸರಿಯಾಗಿ ಮೂವತ್ತು ವರ್ಷ ತುಂಬಿದ ದಿನ. 1979ರ ಮಾರ್ಚಿನಲ್ಲಿ ಶಾಂತಿ ಕೌಲಾಯಿತು. ಈಜಿಪ್ಟಿಗೆ ಸಿನಾಯ್ ಮರಳಿತು. ಅರಬ್ ಲೀಗ್ ಅದನ್ನು ಹೊರಗಿಟ್ಟು ತನ್ನ ಕಚೇರಿಯನ್ನೇ ಕೈರೋದಿಂದ ಟ್ಯುನಿಸ್ಸಿಗೆ ಒಯ್ಯಿತು. 1981ರಲ್ಲಿ ಸಾದಾತ್ ತಮ್ಮದೇ ಸೈನಿಕರ ಗುಂಡಿಗೆ ಬಲಿಯಾದರು. 1989ರಲ್ಲಿ ಅದೇ ಲೀಗ್ ಈಜಿಪ್ಟನ್ನು ಮತ್ತೆ ಬರಮಾಡಿಕೊಂಡಿತು. ಈಜಿಪ್ಟ್ ತನ್ನ ಕೌಲನ್ನು ಮುರಿದಿರಲಿಲ್ಲ.

1993ರಲ್ಲಿ ಓಸ್ಲೋ ಒಪ್ಪಂದ ಮಾತ್ರ ಬೇರೆ ಬಗೆಯದು. ಅಲ್ಲಿ ಮೊದಲ ಬಾರಿಗೆ ಪ್ಯಾಲೆಸ್ಟೈನ್ ವಿಮೋಚನಾ ಸಂಘಟನೆಯೇ ಇಸ್ರೇಲಿನ ಎದುರು ಕುಳಿತು ಪರಸ್ಪರ ಮಾನ್ಯತೆ ಕೊಟ್ಟು ಪಡೆಯಿತು. ಅದು ಅರ್ಧದಲ್ಲಿ ನಿಂತಿತು. ರಾಜ್ಯಗಳ ಒಪ್ಪಂದಗಳೋ ಸಾಗಿದವು. 1994ರಲ್ಲಿ ಜೋರ್ಡನ್, 2020ರಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್, ಬಹರೇನ್, ಮೊರೊಕ್ಕೊ. ವಶಪಡಿಸಿಕೊಂಡ ನೆಲ ಬಿಟ್ಟರೆ ಪೂರ್ಣ ಸಂಬಂಧ ಎಂದು 2002ರಲ್ಲಿ ಬೈರುತ್ತಿನಲ್ಲಿ ಅರಬ್ ದೇಶಗಳೆಲ್ಲ ಸೇರಿ ಹಾಕಿದ್ದ ಷರತ್ತನ್ನು 2020ರ ಈ ಒಪ್ಪಂದಗಳು ಪಕ್ಕಕ್ಕಿಟ್ಟವು. ಸೌದಿ ಅರೇಬಿಯಾವೂ ಇದೇ ದಾರಿಗೆ ಬರುವುದೆಂಬ ಮಾತು ನಡೆಯುತ್ತಿರುವಾಗಲೇ 2023ರ ಅಕ್ಟೋಬರ್ 7ರ ಹಮಾಸ್ ದಾಳಿ, ಗಾಜಾದ ಯುದ್ಧ ಬಂದವು. ರಾಜಧಾನಿಗಳ ನಡುವೆ ವಿಮಾನ ಹಾರಿದ ಮಾತ್ರಕ್ಕೆ ಪ್ಯಾಲೆಸ್ಟೈನಿನ ಪ್ರಶ್ನೆ ಕರಗುವುದಿಲ್ಲವೆಂಬುದು ಮತ್ತೆ ಗೊತ್ತಾಯಿತು.

ಭಾರತವೂ ನಿಂತಲ್ಲೇ ನಿಲ್ಲಲಿಲ್ಲ. 1949ರಲ್ಲಿ ಇಸ್ರೇಲ್ ವಿಶ್ವಸಂಸ್ಥೆ ಸೇರುವುದನ್ನು ವಿರೋಧಿಸಿದ ನಮ್ಮ ಸರ್ಕಾರ 1950ರಲ್ಲಿ ಅದಕ್ಕೆ ಮಾನ್ಯತೆ ನೀಡಿತು. ಆ ತಾರೀಖೂ ಸೆಪ್ಟೆಂಬರ್ 17! ಪೂರ್ಣ ರಾಯಭಾರ ಸಂಬಂಧಕ್ಕೆ ಮಾತ್ರ 1992ರ ಜನವರಿ 29ರವರೆಗೆ ಕಾಯಬೇಕಾಯಿತು. ಆಗ ಪ್ರಧಾನಿಯಾಗಿದ್ದ ಪಿ.ವಿ. ನರಸಿಂಹ ರಾಯರು ಯೌವನದಲ್ಲಿ ನಿಜಾಮರ ವಿರುದ್ಧ ಹೋರಾಡಿದವರು.

ಹಾಗಾದರೆ ಹೈದರಾಬಾದಿನ ಗಂಟು ಬಿಚ್ಚಿದ್ದೇಕೆ? ಸೇನೆಯ ಬಲವೆಂದು ಥಟ್ಟನೆ ಹೇಳಬಹುದು. ಬಲಕ್ಕೆ ಇಸ್ರೇಲಿನಲ್ಲೂ ಕೊರತೆಯಿರಲಿಲ್ಲ. ನನಗೆ ತೋರುವ ಕಾರಣ ಇದು: ಹೈದರಾಬಾದಿನಲ್ಲಿ ಪ್ರತ್ಯೇಕ ದೇಶ ಬೇಕೆಂದದ್ದು ಅರಮನೆ ಮತ್ತು ಅದರ ಸುತ್ತಲಿನ ಒಂದು ಪಕ್ಷ. ರಾಯಚೂರಿನ, ಮಾನ್ವಿಯ, ದೇವದುರ್ಗದ ಜನರಲ್ಲಿ ಬಹುಪಾಲು ಕೇಳಿದ್ದು ಹೊಳೆಯಾಚೆಯವರಿಗೆ ಸಿಕ್ಕಿದ್ದನ್ನೇ. ಅವರಿಗೆ 1952ರಲ್ಲಿ ಮತ ಸಿಕ್ಕಿತು. 1956ರಲ್ಲಿ ಭಾಷೆಯ ಮೇಲೆ ಗಡಿ ಎಳೆದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಗದ್ವಾಲ, ಆಲಂಪುರ ತಾಲ್ಲೂಕುಗಳು ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಹೋದವು. ಅದಕ್ಕಾಗಿ ಯಾರೂ ನಿರಾಶ್ರಿತರ ಶಿಬಿರ ಸೇರಬೇಕಾಗಲಿಲ್ಲ.

ಆದರೆ ಈ ಬಿಡುಗಡೆಗೆ ಬೆಲೆಯೇ ತೆರಲಿಲ್ಲವೆಂದರೆ ಸುಳ್ಳಾಗುತ್ತದೆ. ರಜಾಕಾರರ ಹಾವಳಿಗೆ ಸಿಕ್ಕಿದವರಿದ್ದಂತೆ, ಸೇನಾ ಕಾರ್ಯಾಚರಣೆಯ ನಂತರ ಪ್ರತೀಕಾರಕ್ಕೆ ಸಿಕ್ಕಿದ ನಿರಪರಾಧಿ ಮುಸಲ್ಮಾನರೂ ಇದ್ದರು. ನೆಹರೂ ಅವರು ಕಳುಹಿಸಿದ ಪಂಡಿತ್ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27ರಿಂದ 40 ಸಾವಿರವೆಂದು ಅಂದಾಜು ಮಾಡಿತು. ಹೆಚ್ಚು ನೊಂದ ಜಿಲ್ಲೆಗಳೆಂದು ಅದು ಹೆಸರಿಸಿದವುಗಳಲ್ಲಿ ಕಲಬುರಗಿ, ಬೀದರ್ ಇವೆ. ಆ ವರದಿ ದಶಕಗಟ್ಟಲೆ ಸಾರ್ವಜನಿಕರ ಕೈಗೆ ಸಿಗಲಿಲ್ಲ. ಸೆಪ್ಟೆಂಬರ್ 17ರ ಬಾವುಟದ ಕೆಳಗೆ ನಿಂತು ಮಾತನಾಡುವವರು ಇದನ್ನು ಹೇಳುವುದು ಕಡಿಮೆ.

ಪ್ಯಾರಿಸ್ಸಿನ ಆ ದೂರಿಗೆ ಏನಾಯಿತೆಂದು ಕೇಳುವವರಿಗೆ ಒಂದು ಮಾತು. ಭದ್ರತಾ ಮಂಡಳಿ ಹೈದರಾಬಾದಿನ ವಿಷಯವನ್ನು 1949ರ ಮೇ 24ರಂದು ಕೊನೆಯ ಬಾರಿ ಎತ್ತಿಕೊಂಡಿತು. ಆದರೆ ಪಟ್ಟಿಯಿಂದ ತೆಗೆಯಲಿಲ್ಲ. ರಾಯಚೂರು ಕರ್ನಾಟಕದ ಜಿಲ್ಲೆಯಾಗಿ ಎಷ್ಟೋ ಕಾಲವಾದ ಮೇಲೂ, ಮಂಡಳಿಯ ಪರಿಶೀಲನೆಯಲ್ಲಿರುವ ವಿಷಯಗಳ ಪಟ್ಟಿಯಲ್ಲಿ 'ಹೈದರಾಬಾದ್ ಪ್ರಶ್ನೆ' ಎಂಬ ಸಾಲು 'ಪ್ಯಾಲೆಸ್ಟೈನ್ ಪ್ರಶ್ನೆ'ಯ ಜೊತೆಯಲ್ಲೇ ವರ್ಷವರ್ಷವೂ ಅಚ್ಚಾಗುತ್ತಿತ್ತು.