ಸುಂಕದವನ ಮುಂದೆ ಸುಖದುಃಖ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಕನ್ನಡಿಗರಿಗೆಲ್ಲ ಗೊತ್ತು. ಕೇಳುವ ಕಿವಿಯಿಲ್ಲದ ಕಡೆ ಅತ್ತು ಫಲವಿಲ್ಲ ಎಂಬುದು ಅದರ ಇಂಗಿತ. ಬೇರೆ ಬೇರೆ ನಾಡುಗಳ ಎಲ್ಲೆ ದಾಟಿ ದುಡಿದವರೆಲ್ಲ ಈ ಕಹಿಯನ್ನು ಒಂದಲ್ಲ ಒಂದು ರೀತಿಯಲ್ಲಿ ಉಂಡಿದ್ದಾರೆ. ದುಡಿದದ್ದು ಒಂದು ನಾಡಿನಲ್ಲಿ, ಮನೆಯಿರುವುದು ಇನ್ನೊಂದು ನಾಡಿನಲ್ಲಿ. ಹಾಗಾದರೆ ತೆರಿಗೆ ಯಾರಿಗೆ? ಇಬ್ಬರೂ ಕೇಳಿದರೆ ಎರಡು ಸಲ ಕೊಡಬೇಕೇ? ಹೋಗುವಾಗ ಕೊಟ್ಟವನು ಬರುವಾಗಲೂ ಕೊಡಬೇಕೇ? ಇವು ಇಂದಿನ ಲೆಕ್ಕಪರಿಶೋಧಕರು ಹುಟ್ಟುಹಾಕಿದ ಪ್ರಶ್ನೆಗಳಲ್ಲ. ಸುಮಾರು ಹದಿನಾಲ್ಕು ಶತಮಾನಗಳ ಹಿಂದೆಯೇ ಒಬ್ಬ ವರ್ತಕ ಇವನ್ನು ಆಡಳಿತಗಾರನ ಮುಂದಿಟ್ಟಿದ್ದ. ಅವನಿಗೆ ಸಿಕ್ಕ ಉತ್ತರವನ್ನೂ, ಮುಂದೆ ಆ ಉತ್ತರ ಏನಾಯಿತು ಎಂಬುದನ್ನೂ ನಾವು ಇಲ್ಲಿ ನೋಡೋಣ.

ನದಿಗೆ ಕಟ್ಟಿದ ಹಗ್ಗ

ದ್ವಿತೀಯ ಖಲೀಫ ಉಮರ್(ರ)ರ ಆಡಳಿತ ಕಾಲ ಕ್ರಿ.ಶ. 634ರಿಂದ 644ರ ವರೆಗೆ. ಅರಬ್ ವರ್ತಕರು ನೆರೆಯ ನಾಡುಗಳಿಗೆ ಸರಕು ಒಯ್ದಾಗ ಅಲ್ಲಿನವರು ಹತ್ತನೇ ಒಂದು ಪಾಲು ಸುಂಕ ವಸೂಲು ಮಾಡುತ್ತಿದ್ದರು. ಬಸ್ರಾದ ರಾಜ್ಯಪಾಲರಾಗಿದ್ದ ಅಬೂ ಮೂಸಾ ಅಲ್ ಅಶ್‌ಅರಿ(ರ) ಇದನ್ನು ಖಲೀಫರಿಗೆ ಬರೆದು ತಿಳಿಸಿದರು. ಅವರು ನಮ್ಮವರಿಂದ ಎಷ್ಟು ತೆಗೆದುಕೊಳ್ಳುತ್ತಾರೋ ನೀವೂ ಅವರಿಂದ ಅಷ್ಟೇ ತೆಗೆದುಕೊಳ್ಳಿ ಎಂಬರ್ಥದ ಆಜ್ಞೆ ಬಂತು. ಇದುವೇ 'ಉಶ್ರ್', ಅಂದರೆ ದಶಾಂಶದ ಸುಂಕ. ಹೊರನಾಡಿನ ವರ್ತಕನಿಗೆ ಹತ್ತಕ್ಕೆ ಒಂದು, ರಾಜ್ಯದೊಳಗಿನ ಮುಸ್ಲಿಮೇತರ ವರ್ತಕನಿಗೆ ಇಪ್ಪತ್ತಕ್ಕೆ ಒಂದು, ಮುಸ್ಲಿಮನಿಗೆ ಝಕಾತ್‌ನ ದರವಾದ ನಲವತ್ತಕ್ಕೆ ಒಂದು. 200 ದಿರ್ಹಮ್‌ಗಿಂತ ಕಡಿಮೆ ಬೆಲೆಯ ಸರಕಿಗೆ ಸುಂಕವಿಲ್ಲ. ಮದೀನಕ್ಕೆ ಗೋಧಿ ಮತ್ತು ಎಣ್ಣೆ ಧಾರಾಳವಾಗಿ ಬರಲಿ ಎಂದು ಅವುಗಳನ್ನು ತರುವ ನಬತೀ ವರ್ತಕರಿಗೆ ಅರ್ಧ ಸುಂಕವನ್ನಷ್ಟೇ ವಿಧಿಸಿದ್ದನ್ನು ಇಮಾಮ್ ಮಾಲಿಕ್‌ರ 'ಮುವತ್ತಾ' ದಾಖಲಿಸಿದೆ.

ಧರ್ಮವನ್ನು ನೋಡಿ ದರ ನಿಗದಿಪಡಿಸುವುದನ್ನು ಇಂದಿನ ಪೌರತ್ವದ ಕಲ್ಪನೆ ಒಪ್ಪುವುದಿಲ್ಲ. ಅದನ್ನು ನಾವು ಮರೆಮಾಚಬೇಕಾಗಿಯೂ ಇಲ್ಲ. ಆದರೆ ದರಕ್ಕಿಂತ ಮುಖ್ಯವಾದ ಎರಡು ಸಂಗತಿಗಳು ಈ ವ್ಯವಸ್ಥೆಯಲ್ಲಿದ್ದವು. ಅವನ್ನು ತಿಳಿಯಲು ಝಿಯಾದ್ ಬಿನ್ ಹುದೈರ್ ಎಂಬ ಅಧಿಕಾರಿಯ ಕಥೆ ಕೇಳಬೇಕು. ಹಾರೂನ್ ರಶೀದರ ಕಾಲದ ಮುಖ್ಯ ನ್ಯಾಯಾಧೀಶ ಅಬೂ ಯೂಸುಫ್ ತಮ್ಮ 'ಕಿತಾಬುಲ್ ಖರಾಜ್' ಗ್ರಂಥದಲ್ಲಿ ಇದನ್ನು ಉಲ್ಲೇಖಿಸಿದ್ದಾರೆ.

ಸುಂಕ ವಸೂಲಿಗೆ ಉಮರ್(ರ) ಮೊದಲು ನೇಮಿಸಿದ್ದು ತನ್ನನ್ನೇ ಎಂದು ಝಿಯಾದ್ ಹೇಳುತ್ತಿದ್ದರು. ಯಾರ ಗಂಟುಮೂಟೆಯನ್ನೂ ತಡಕಬಾರದು ಎಂಬುದು ಅವರಿಗೆ ಸಿಕ್ಕ ಆದೇಶವಾಗಿತ್ತು. ಇದು ಮೊದಲ ಸಂಗತಿ. ಅವರು ಫುರಾತ್ ನದಿಗೆ ಅಡ್ಡಲಾಗಿ ಹಗ್ಗ ಕಟ್ಟಿ, ದಾಟುವವರಿಂದ ಸುಂಕ ಪಡೆಯುತ್ತಿದ್ದರು ಎಂದು ಒಂದು ವರದಿ. ಒಮ್ಮೆ ಒಬ್ಬ ಕ್ರೈಸ್ತ ವರ್ತಕ ಕುದುರೆಯೊಂದಿಗೆ ಬಂದ. ಕುದುರೆಯ ಬೆಲೆ 20 ಸಾವಿರ ದಿರ್ಹಮ್ ಎಂದು ಅಂದಾಜಾಯಿತು. ಅವನು ಸಾವಿರ ದಿರ್ಹಮ್ ಕೊಟ್ಟು ಮುಂದೆ ಹೋದ. ಅದೇ ವರ್ಷ ಅವನು ಮರಳಿ ಬಂದಾಗ ಮತ್ತೆ ಸಾವಿರ ಕೇಳಲಾಯಿತು. ಪ್ರತಿಸಲ ದಾಟುವಾಗಲೂ ಕೊಡಬೇಕೇ ಎಂದು ಅವನು ಕೇಳಿದ. ಹೌದು ಎಂಬ ಉತ್ತರ ಬಂತು.

ಅವನು ಸುಮ್ಮನಾಗಲಿಲ್ಲ. ನೇರವಾಗಿ ಖಲೀಫರನ್ನು ಹುಡುಕಿಕೊಂಡು ಹೊರಟ. ಮಕ್ಕಾದಲ್ಲಿ ಅವರನ್ನು ಕಂಡು ದೂರು ಹೇಳಿದ. ಉಮರ್(ರ) ಕೇಳಿಸಿಕೊಂಡು ಚುಟುಕಾಗಿ ಒಂದು ಮಾತು ಹೇಳಿ ಮುಗಿಸಿದರು. ತನ್ನ ಅಳಲು ವ್ಯರ್ಥವಾಯಿತೆಂದು ಭಾವಿಸಿದ ವರ್ತಕ ಇನ್ನೊಂದು ಸಾವಿರ ತೆರಲು ಸಿದ್ಧನಾಗಿಯೇ ಹಿಂದಿರುಗಿದ. ಆದರೆ ಅವನು ತಲುಪುವ ಮೊದಲೇ ಖಲೀಫರ ಪತ್ರ ಝಿಯಾದ್‌ರ ಕೈ ಸೇರಿತ್ತು. ಒಮ್ಮೆ ಸುಂಕ ಕೊಟ್ಟವನಿಂದ, ಹೊಸದಾಗಿ ಸರಕು ಸೇರದಿದ್ದರೆ, ಮುಂದಿನ ವರ್ಷದ ಅದೇ ದಿನದ ವರೆಗೆ ಏನನ್ನೂ ಪಡೆಯಬಾರದು ಎಂಬುದು ಅದರ ಸಾರ. ಇದು ಎರಡನೇ ಸಂಗತಿ. ಒಂದೇ ಸೊತ್ತಿಗೆ ವರ್ಷಕ್ಕೆ ಒಂದೇ ಸಲ ತೆರಿಗೆ. ದಾಟಿದ್ದು ಎಷ್ಟು ಸಲ ಎಂಬುದಲ್ಲ, ವರ್ಷ ತುಂಬಿದೆಯೇ ಎಂಬುದೇ ಅಳತೆ.

ಈ ರಿಯಾಯಿತಿ ಎಲ್ಲರಿಗೂ ಸಿಕ್ಕಿತು ಎನ್ನಲಾಗದು. ಹೊರನಾಡಿನ ವರ್ತಕ ತನ್ನ ನಾಡಿಗೆ ಮರಳಿ ಹೋಗಿ ಮತ್ತೆ ಬಂದರೆ, ವರ್ಷ ತುಂಬಿರದಿದ್ದರೂ, ಮತ್ತೆ ಕೊಡಬೇಕೆಂದೇ ಅಬೂ ಯೂಸುಫ್ ಬರೆದರು. ನಿಜವಾದ ಗಡಿ ದಾಟಿದವನ ಪ್ರಶ್ನೆ ಹಾಗೆಯೇ ಉಳಿಯಿತು.

ಯಾತ್ರಿಕ ಕಂಡ ಎರಡು ಕಟ್ಟೆಗಳು

ಆಜ್ಞೆ ಹೊರಡಿಸುವುದು ಬೇರೆ, ಅದು ಉಳಿಯುವುದು ಬೇರೆ. ಐದೂವರೆ ಶತಮಾನಗಳ ನಂತರ ಈ ತತ್ವ ಎಲ್ಲಿಗೆ ತಲುಪಿತ್ತು ಎಂಬುದಕ್ಕೆ ಪ್ರತ್ಯಕ್ಷದರ್ಶಿಯೊಬ್ಬರಿದ್ದಾರೆ. ಸ್ಪೇನಿನ ಗ್ರಾನಡಾದಿಂದ ಹಜ್ಜ್‌ಗೆ ಹೊರಟ ಇಬ್ನು ಜುಬೈರ್ 1183ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಇಳಿದರು. ಅದು ಸುಲ್ತಾನ್ ಸಲಾಹುದ್ದೀನರ ನಾಡು. ಅಧಿಕಾರಿಗಳು ಹಡಗನ್ನೇರಿ ಪ್ರತಿಯೊಬ್ಬನ ಹೆಸರು, ಚಹರೆ, ಊರು ಬರೆದುಕೊಂಡರು. ಬಳಿ ಇರುವ ಹಣ, ಸರಕಿಗೆಲ್ಲ ಝಕಾತ್ ಕೇಳಿದರು. ಆ ಸೊತ್ತು ಕೈಸೇರಿ ವರ್ಷ ತುಂಬಿದೆಯೇ ಎಂದು ಯಾರೂ ವಿಚಾರಿಸಲಿಲ್ಲ. ಹೆಚ್ಚಿನವರ ಬಳಿ ಇದ್ದದ್ದು ದಾರಿಯ ಬುತ್ತಿ ಮಾತ್ರ. ಸುಂಕದಕಟ್ಟೆಯ ನೂಕುನುಗ್ಗಲಿನಲ್ಲಿ ಸೊಂಟಕ್ಕೆ ಕೈಹಾಕಿ ತಡಕಿದರು. ಅದರ ಮೇಲೆ, ಇನ್ನೇನೂ ಇಲ್ಲ ಎಂದು ಆಣೆ ಮಾಡಿಸಿದರು. ಗಲಿಬಿಲಿಯಲ್ಲಿ ಎಷ್ಟೋ ಸಾಮಾನು ಕಳೆದುಹೋಯಿತು.

ಗಮನಿಸಿ: ಝಿಯಾದ್‌ರಿಗೆ ಸಿಕ್ಕ ಎರಡೂ ಆದೇಶಗಳು, ತಡಕಬಾರದು ಎಂಬುದೂ ವರ್ಷ ತುಂಬಬೇಕು ಎಂಬುದೂ, ಇಲ್ಲಿ ಮುರಿದು ಬಿದ್ದಿದ್ದವು. ಅದೂ ಝಕಾತ್ ಎಂಬ ಪವಿತ್ರ ಹೆಸರಿನಲ್ಲಿ. ಸುಲ್ತಾನನಿಗೆ ಗೊತ್ತಾದರೆ ಇದನ್ನು ಖಂಡಿತ ನಿಲ್ಲಿಸುತ್ತಿದ್ದ ಎಂದು ಇಬ್ನು ಜುಬೈರ್ ನಂಬಿದ್ದರು. ಆ ನಂಬಿಕೆಗೆ ಆಧಾರವೂ ಇತ್ತು. ಹಿಂದೆ ಹಜ್ಜ್ ಯಾತ್ರಿಕರಿಂದ ತಲಾ ಏಳೂವರೆ ದೀನಾರ್ ಕಿತ್ತುಕೊಂಡು, ಕೊಡಲಾಗದವರಿಗೆ ಚಿತ್ರಹಿಂಸೆ ನೀಡುತ್ತಿದ್ದ ಪದ್ಧತಿಯನ್ನು ಸಲಾಹುದ್ದೀನ್ ರದ್ದುಪಡಿಸಿ, ಅದಕ್ಕೆ ಬದಲಾಗಿ ಮಕ್ಕಾದ ಅಮೀರನಿಗೆ ತಾನೇ ಹಣ ಮತ್ತು ಧಾನ್ಯ ಕಳುಹಿಸಿಕೊಡುತ್ತಿದ್ದ.

ಮರುವರ್ಷ, 1184ರಲ್ಲಿ, ಇಬ್ನು ಜುಬೈರ್ ದಮಾಸ್ಕಸ್‌ನಿಂದ ಅಕ್ಕಾ ಬಂದರಿಗೆ ವರ್ತಕರ ಜೊತೆ ಹೊರಟರು. ಅಕ್ಕಾ ಆಗ ಕ್ರೂಸೇಡರ್ ಫ್ರಾಂಕರ ವಶದಲ್ಲಿತ್ತು. ಸಲಾಹುದ್ದೀನ್ ಅದೇ ಹೊತ್ತಿನಲ್ಲಿ ಫ್ರಾಂಕರ ಕರಕ್ ಕೋಟೆಯನ್ನು ಮುತ್ತಿದ್ದರು. ಆದರೂ ಎರಡೂ ನಾಡುಗಳ ನಡುವೆ ವರ್ತಕರ ಓಡಾಟ ನಿಂತಿರಲಿಲ್ಲ. ಮುಸ್ಲಿಮರು ಫ್ರಾಂಕರ ನಾಡಿನಲ್ಲಿ, ಕ್ರೈಸ್ತರು ಮುಸ್ಲಿಮರ ನಾಡಿನಲ್ಲಿ ಸುಂಕ ಕೊಟ್ಟು ನಿರ್ಭಯವಾಗಿ ವ್ಯಾಪಾರ ಮಾಡುತ್ತಿದ್ದರು. ದಾರಿಯಲ್ಲಿ ತಿಬ್ನೀನ್ ಎಂಬಲ್ಲಿ ಒಂದು ಕಟ್ಟೆ. ಅಲ್ಲಿ ವರ್ತಕರ ಸರಕಿಗೆ ಸುಂಕ ಹಾಕಲಿಲ್ಲ. ಕಾರಣ, ಅದನ್ನು ಮುಂದೆ ಅಕ್ಕಾದಲ್ಲಿ ಕೊಡಲಿಕ್ಕಿತ್ತು. ದೀನಾರಿಗೆ ಒಂದು ಖೀರಾತ್, ಅಂದರೆ 24ಕ್ಕೆ ಒಂದು. ಆದರೆ ಇಬ್ನು ಜುಬೈರ್‌ರಂತಹ ಮಗ್ರಿಬ್‌ನ ಪಶ್ಚಿಮದ ಮುಸ್ಲಿಮರ ಮೇಲೆ ತಲೆಗೆ ಒಂದು ದೀನಾರ್, ಒಂದು ಖೀರಾತ್‌ನ ವಿಶೇಷ ತೆರಿಗೆಯಿತ್ತು. ಹಿಂದೊಮ್ಮೆ ಮಗ್ರಿಬಿಗಳ ಗುಂಪೊಂದು ನೂರುದ್ದೀನರೊಂದಿಗೆ ಸೇರಿ ಫ್ರಾಂಕರ ಕೋಟೆಯ ಮೇಲೆ ದಾಳಿ ಮಾಡಿತ್ತು. ಅವರು ಮಾಡಿದ್ದಕ್ಕೆ ಇವರು ತೆರಬೇಕಾಯಿತು. ತೆರಿಗೆಯ ಹೆಸರಿನಲ್ಲಿ ಒಂದು ಸಮುದಾಯಕ್ಕೆ ಸಾಮೂಹಿಕ ದಂಡ ಹಾಕುವ ಚಾಳಿ ಎಷ್ಟು ಹಳೆಯದು ನೋಡಿ.

ಅಕ್ಕಾದ ಕಟ್ಟೆಯಲ್ಲಿ ಕ್ರೈಸ್ತ ಗುಮಾಸ್ತರು ಚಿನ್ನದ ಕುಸುರಿಯ ಕರಿಮರದ ಮಸಿದಾನಿಗಳನ್ನಿಟ್ಟುಕೊಂಡು ಅರಬಿಯಲ್ಲೇ ಲೆಕ್ಕ ಬರೆಯುತ್ತಿದ್ದರು. ಸರಕಿಲ್ಲ ಎಂದವರ ಗಂಟನ್ನೂ ಬಿಚ್ಚಿ ನೋಡಿದರು ನಿಜ, ಆದರೆ ಸೌಜನ್ಯದಿಂದ, ಒರಟುತನವಿಲ್ಲದೆ. ಫ್ರಾಂಕರನ್ನು ಶಪಿಸುತ್ತಲೇ ಪ್ರಯಾಣಿಸಿದ ಇಬ್ನು ಜುಬೈರ್ ಇದನ್ನು ಮುಚ್ಚಿಡಲಿಲ್ಲ. ಫ್ರಾಂಕರ ಕೈಕೆಳಗಿನ ಮುಸ್ಲಿಂ ರೈತರು ತಮ್ಮವರ ಆಳ್ವಿಕೆಯಲ್ಲಿರುವ ರೈತರಿಗಿಂತ ನೆಮ್ಮದಿಯಾಗಿದ್ದಾರೆ ಎಂದೂ ನೋವಿನಿಂದ ಬರೆದರು. ಸ್ವಧರ್ಮೀಯ ಆಡಳಿತ ಎಂಬ ಒಂದೇ ಕಾರಣಕ್ಕೆ ನ್ಯಾಯ ಸಿಗುತ್ತದೆ ಎಂಬ ಭ್ರಮೆಯನ್ನು ಈ ಪ್ರಾಮಾಣಿಕ ಯಾತ್ರಿಕ ಅಂದೇ ಒಡೆದರು. ಇತಿಹಾಸವನ್ನು ಹೆಮ್ಮೆಗಾಗಿ ಮಾತ್ರ ಓದುವವರು ಈ ಪುಟಗಳನ್ನು ದಾಟಿಹೋಗಬಾರದು.

ದಿನ ಎಣಿಸುವ ಕಾಲ

ಅಂದು ತೆರಿಗೆ ಸರಕನ್ನು ಹಿಂಬಾಲಿಸುತ್ತಿತ್ತು. ಆಧುನಿಕ ಕಾಲದಲ್ಲಿ ಆದಾಯ ತೆರಿಗೆ ಬಂದ ಮೇಲೆ ಅದು ಮನುಷ್ಯನನ್ನೇ ಹಿಂಬಾಲಿಸತೊಡಗಿತು. ಆದಾಯ ಹುಟ್ಟಿದ ನಾಡು ಒಂದು ಕಡೆ ಎಳೆದರೆ, ವಾಸದ ನಾಡು ಇನ್ನೊಂದು ಕಡೆ. ಮೊದಲ ಮಹಾಯುದ್ಧದ ನಂತರ ತೆರಿಗೆಯ ದರಗಳು ಏರಿದಾಗ ಈ ಎಳೆದಾಟ ಅಸಹನೀಯವಾಯಿತು. ಲೀಗ್ ಆಫ್ ನೇಶನ್ಸ್ ಇದನ್ನು ಬ್ರೂಯಿನ್ಸ್, ಐನೌಡಿ, ಸೆಲಿಗ್ಮನ್, ಸ್ಟಾಂಪ್ ಎಂಬ ನಾಲ್ವರು ತಜ್ಞರಿಗೆ ಒಪ್ಪಿಸಿತು. ಅವರು 1923ರಲ್ಲಿ ವರದಿ ನೀಡಿದರು. ವ್ಯಕ್ತಿಯ ಆರ್ಥಿಕ ಬದುಕು ಯಾವ ನಾಡಿಗೆ ಹೆಚ್ಚು ಅಂಟಿಕೊಂಡಿದೆ ಎಂದು ನೋಡಬೇಕು ಎಂಬುದು ಅವರ ಚಿಂತನೆಯ ತಿರುಳು. ಇಂದಿನ ದ್ವಿತೆರಿಗೆ ನಿವಾರಣಾ ಒಪ್ಪಂದಗಳ ಹಿನ್ನೆಲೆ ಇದು. ನಮ್ಮ ನೆರೆಹೊರೆಯ ಸಾರ್ಕ್ ದೇಶಗಳೂ 2005ರಲ್ಲಿ ಢಾಕಾದಲ್ಲಿ ಇಂತಹ ಒಪ್ಪಂದಕ್ಕೆ ಸಹಿ ಹಾಕಿದವು. ಆದರೆ ಅದು ಅಧ್ಯಾಪಕರು, ವಿದ್ಯಾರ್ಥಿಗಳ ಆದಾಯದಂತಹ ಕೆಲವೇ ವಿಷಯಗಳಿಗೆ ಸೀಮಿತ.

ಭಟ್ಕಳ, ಉಡುಪಿ, ಮಂಗಳೂರಿನ ಸಾವಿರಾರು ಮನೆಗಳಿಗೆ ಕೊಲ್ಲಿ ರಾಷ್ಟ್ರಗಳು ಸಮುದ್ರದಾಚೆಯ ನೆರೆಮನೆಯಿದ್ದಂತೆ. ಭಾರತ ಮತ್ತು ಯುಎಇ ನಡುವೆ 1992ರಲ್ಲಿ ಒಪ್ಪಂದಕ್ಕೆ ಸಹಿಯಾಯಿತು. ಉದ್ಯೋಗಕ್ಕೆ ಹೋದವನು ಭಾರತದ ನಿವಾಸಿಯೋ ಅಲ್ಲವೋ ಎಂಬುದನ್ನು ಸಾಮಾನ್ಯವಾಗಿ 182 ದಿನಗಳ ಲೆಕ್ಕ ತೀರ್ಮಾನಿಸುತ್ತದೆ. ಉಮರ್(ರ)ರ ಪತ್ರದಲ್ಲಿ ವರ್ಷ ತುಂಬುವುದು ಅಳತೆಯಾಗಿತ್ತು, ಇಂದು ಪಾಸ್‌ಪೋರ್ಟಿನ ಮುದ್ರೆಗಳು ಅಳತೆ. 2020ರ ಬಜೆಟ್ ಬೇರೆಲ್ಲೂ ತೆರಿಗೆ ಕಟ್ಟದ ಭಾರತೀಯ ನಾಗರಿಕರನ್ನು ನಿವಾಸಿಗಳೆಂದು ಪರಿಗಣಿಸುವ ಪ್ರಸ್ತಾಪವಿಟ್ಟಾಗ ಕೊಲ್ಲಿಯ ದುಡಿಮೆಗಾರರು ಗಾಬರಿಗೊಂಡರು. ಪ್ರತಿಭಟನೆಯ ದನಿ ಎದ್ದಿತು. ಪ್ರಾಮಾಣಿಕವಾಗಿ ಅಲ್ಲಿ ದುಡಿಯುವವರ ಸಂಪಾದನೆಗೆ ತೆರಿಗೆ ಹಾಕುವ ಉದ್ದೇಶವಿಲ್ಲ ಎಂದು ಸರಕಾರ ಮರುದಿನವೇ ಸ್ಪಷ್ಟೀಕರಣ ನೀಡಿತು. ಕಾನೂನಾಗುವಾಗ ಆ ನಿಯಮ ವಿದೇಶಿ ಮೂಲಗಳನ್ನು ಬಿಟ್ಟು 15 ಲಕ್ಷ ರೂಪಾಯಿ ಮೀರಿದ ಆದಾಯವಿರುವವರಿಗೆ ಸೀಮಿತವಾಯಿತು.

ಗಡಿ ದಾಟುವವನು ಎಲ್ಲ ಕಡೆಯೂ ಅರ್ಧ ಪರಕೀಯ. ಹೋದ ನಾಡಿನಲ್ಲಿ ಅವನಿಗೆ ಮತವಿಲ್ಲ, ಬಿಟ್ಟ ನಾಡಿನಲ್ಲಿ ಮತ ಹಾಕಲು ಅವನಿಲ್ಲ. ಆದ್ದರಿಂದಲೇ ಒಂದು ಆಡಳಿತ ನ್ಯಾಯವಂತವೇ ಎಂದು ತಿಳಿಯಲು ಅದರ ಸುಂಕದಕಟ್ಟೆಯನ್ನು ನೋಡಬೇಕು. ಎರಡು ಸಲ ಕೀಳಬಾರದು, ಅವಮಾನಿಸಬಾರದು, ಒಬ್ಬನ ತಪ್ಪಿಗೆ ಇನ್ನೊಬ್ಬನಿಂದ ವಸೂಲು ಮಾಡಬಾರದು. ಇಷ್ಟನ್ನು ಪಾಲಿಸಲು ದೊಡ್ಡ ಗ್ರಂಥಗಳು ಬೇಕಿಲ್ಲ, ದೂರು ಕೇಳುವ ಕಿವಿ ಬೇಕು. ದೂರು ಹೇಳುವ ಧೈರ್ಯವೂ ಬೇಕು. ಪರಧರ್ಮೀಯ ವರ್ತಕನೊಬ್ಬ ತನ್ನ ಸಾವಿರ ದಿರ್ಹಮ್‌ಗಾಗಿ ಮರುಭೂಮಿ ದಾಟಿ ಮಕ್ಕಾಕ್ಕೆ ಹೋಗದಿದ್ದರೆ ಆ ಪತ್ರವೇ ಹುಟ್ಟುತ್ತಿರಲಿಲ್ಲ. ಅವನ ಹೆಸರು ನಮಗೆ ಉಳಿದಿಲ್ಲ. ಅವನು ಕೇಳಿದ ಪ್ರಶ್ನೆ ಮಾತ್ರ ಉಳಿದಿದೆ. ಅದನ್ನು ಕೇಳುವ ಹಕ್ಕು ಗಡಿ ದಾಟುವ ಪ್ರತಿಯೊಬ್ಬನದ್ದು.